ವಿಮರ್ಶೆ ಬರೆಯಲು ಕಲಿಸುವುದು: ಮೊದಲು ಆಟ, ಆಮೇಲೆ ಪುಸ್ತಕ, ಕೊನೆಗೆ ಸಿನಿಮಾ

ಎಂಟನೇ ತರಗತಿಯ ಮಕ್ಕಳಿಗೆ ‘ನೀವು ಓದಿದ ಒಂದು ಪುಸ್ತಕದ ವಿಮರ್ಶೆ ಬರೆದು ತನ್ನಿ’ ಎಂದು ಶನಿವಾರ ಹೋಂವರ್ಕ್ ಕೊಟ್ಟರೆ ಸೋಮವಾರ ಮೇಜಿನ ಮೇಲೆ ಬಂದು ಬೀಳುವುದು ನಲವತ್ತು ಸಾರಾಂಶ. ಮೊದಲ ಸಾಲು ‘ಈ ಕತೆಯನ್ನು ಬರೆದವರು...’, ಕೊನೆಯ ಸಾಲು ‘ಈ ಪುಸ್ತಕ ತುಂಬಾ ಚೆನ್ನಾಗಿದೆ, ಎಲ್ಲರೂ ಓದಬೇಕು’. ನಡುವೆ ಇರುವುದೆಲ್ಲ ಕತೆ. ಇದಕ್ಕೆ ಮಕ್ಕಳನ್ನು ದೂರಿ ಪ್ರಯೋಜನವಿಲ್ಲ. ಪಾಠದ ಕೊನೆಯಲ್ಲಿ ‘ಸಾರಾಂಶ ಬರೆಯಿರಿ’ ಎಂಬ ಪ್ರಶ್ನೆಗೆ ವರ್ಷಗಟ್ಟಲೆ ಉತ್ತರ ಬರೆದು ಪಳಗಿದ ಕೈ ಅದು, ಕತೆ ಕಂಡ ಕೂಡಲೇ ಸಾರಾಂಶಕ್ಕೇ ಹೊರಡುತ್ತದೆ.

ಹಾಗಾಗಿ ಕತೆಯೇ ಇಲ್ಲದ ವಸ್ತುವಿನಿಂದ ಶುರುಮಾಡುವುದು ಒಳ್ಳೆಯದು. ಆಟಕ್ಕೆ ಸಾರಾಂಶ ಇಲ್ಲ. ಅದರ ಬಗ್ಗೆ ಏನೇ ಬರೆದರೂ ‘ಆಡುವಾಗ ಏನಾಯಿತು, ಯಾಕೆ ಹಾಗಾಯಿತು’ ಎಂದೇ ಬರೆಯಬೇಕಾಗುತ್ತದೆ. ಎರಡನೆಯದು ಪುಸ್ತಕ. ಅನುಮಾನ ಬಂದರೆ ಪುಟ ಹಿಂದಕ್ಕೆ ತಿರುಗಿಸಿ ನೋಡಬಹುದು, ಸಾಕ್ಷಿ ಅಲ್ಲೇ ಕೂತಿರುತ್ತದೆ. ಸಿನಿಮಾ ಕೊನೆಗಿರಲಿ. ಎಲ್ಲರಿಗೂ ಅದೇ ಸುಲಭ ಅನ್ನಿಸುತ್ತದೆ, ಆದರೆ ಮೂರರಲ್ಲಿ ಕಷ್ಟದ್ದು ಅದೇ. ಕಣ್ಣೆದುರೇ ಓಡಿಹೋಗುತ್ತದೆ, ಮೇಲೆ ಹೀರೊ ಅಭಿಮಾನ ಬೇರೆ.

40 ನಿಮಿಷದ 9 ಪೀರಿಯಡ್ ಬೇಕು: ಮೂರಕ್ಕೂ ತಲಾ 3. ವಾರಕ್ಕೆ ಎರಡರಂತೆ ಹಂಚಿದರೆ ಒಂದು ತಿಂಗಳು ಚಿಲ್ಲರೆ. ಪಾಠ ಮುಗಿಸುವ ಒತ್ತಡ ಇರುವವರು ಇದನ್ನೇ ಒಂದು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಅದೂ ಆಗದಿದ್ದರೆ ಸಿನಿಮಾ ಬಿಡಿ, ಆಟ ಬಿಡಬೇಡಿ.

ಆಟ: ನೆಲದ ಮೇಲೆ ಚೌಕಾಬಾರ

ಕ್ರಿಕೆಟ್ಟನ್ನು ಆರಿಸಬೇಡಿ. ಅದರ ಬಗ್ಗೆ ಮಕ್ಕಳ ತಲೆಯಲ್ಲಿ ಟಿವಿ ಕಾಮೆಂಟರಿಯ ಮಾತು ತುಂಬಿರುತ್ತದೆ, ಅದೇ ಕಾಗದಕ್ಕೆ ಇಳಿಯುತ್ತದೆ. ಕವಡೆ ಎಸೆದು ಚೌಕದ ಮನೆಗಳಲ್ಲಿ ಕಾಯಿ ನಡೆಸುವ ಚೌಕಾಬಾರ ಸಾಕು. ಖರ್ಚಿಲ್ಲ, ನಿಯಮ ಐದು ನಿಮಿಷದಲ್ಲಿ ತಿಳಿಯುತ್ತದೆ, ನಲವತ್ತೂ ಮಕ್ಕಳು ಒಟ್ಟಿಗೆ ಆಡಬಹುದು.

ನಾಲ್ಕು ಜನರ ಹತ್ತು ಗುಂಪು ಮಾಡಿ. ಗುಂಪಿಗೆ 4 ಕವಡೆ ಬೇಕು. ಸಿಗದಿದ್ದರೆ ಹುಣಸೆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿಕೊಂಡರೆ ಆಯಿತು. ಸೀಮೆಸುಣ್ಣದಿಂದ ಐದಕ್ಕೆ ಐದು ಮನೆ ಬರೆದು, ನಾಲ್ಕೂ ಬದಿಯ ನಡುಮನೆಗೆ ಮತ್ತು ಮಧ್ಯದ ಮನೆಗೆ ಅಡ್ಡಗೀಟು ಹಾಕಿಸಿ. ಹೊರಸುತ್ತಿನಲ್ಲಿ 16 ಮನೆ, ಒಳಸುತ್ತಿನಲ್ಲಿ 8, ನಡುವೆ ಕಾಯಿ ಹಣ್ಣಾಗುವ, ಅಂದರೆ ಓಟ ಮುಗಿಸುವ, ಮನೆ 1. ಒಬ್ಬೊಬ್ಬರಿಗೆ ನಾಲ್ಕು ಕಾಯಿ ಕೊಡುವುದು ವಾಡಿಕೆ, ಆದರೆ ಒಂದು ಪೀರಿಯಡ್‌ನಲ್ಲಿ ಆಟ ಮುಗಿಯಬೇಕೆಂದರೆ ಎರಡೇ ಕೊಡಿ. ಬಳೆಚೂರು, ಕಡ್ಡಿ, ಬೀಜ, ಕಲ್ಲು ಹೀಗೆ ಒಬ್ಬೊಬ್ಬರದು ಒಂದೊಂದು ಬಗೆಯದಾಗಿರಲಿ.

ಎಷ್ಟು ಕವಡೆ ಬಾಯಿ ಮೇಲಾಗಿ ಬಿದ್ದವೋ ಅಷ್ಟು ಲೆಕ್ಕ, ನಾಲ್ಕೂ ಬೋರಲು ಬಿದ್ದರೆ 8. ನಾಲ್ಕೋ ಎಂಟೋ ಬಿದ್ದರೆ ಇನ್ನೊಂದು ಎಸೆತ. ಇಷ್ಟು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಗೋಳು ಬರುವುದು ಉಳಿದ ನಿಯಮಗಳಲ್ಲಿ, ಅವು ಊರಿಗೊಂದು, ಕೆಲವೊಮ್ಮೆ ಮನೆಗೊಂದು. ಆಟಕ್ಕೆ ಮುಂಚೆಯೇ ಬೋರ್ಡಿನ ಮೇಲೆ ಈ ನಾಲ್ಕು ಪ್ರಶ್ನೆ ಬರೆದು, ತರಗತಿಯಲ್ಲಿ ಚರ್ಚಿಸಿ, ಉತ್ತರ ಗೊತ್ತುಮಾಡಿಕೊಳ್ಳಿ:

ಒಂದಾದರೂ ಎದುರಾಳಿಯ ಕಾಯಿ ಕಡಿಯದೆ (ಹೊಡೆದು ಹಿಂದಕ್ಕೆ ಕಳಿಸದೆ) ಒಳಸುತ್ತಿಗೆ ಹೋಗಬಹುದೇ?
ಕಾಯಿ ಕಡಿದವರಿಗೆ ಇನ್ನೊಂದು ಎಸೆತ ಇದೆಯೇ?
ಒಂದೇ ಮನೆಯಲ್ಲಿ ಕೂತ ಜೋಡಿಯನ್ನು ಒಂಟಿ ಕಾಯಿ ಕಡಿಯಬಹುದೇ?
ಕಾಯಿ ಹೊರಡಿಸಲು ಇಂಥದ್ದೇ ಲೆಕ್ಕ ಬೀಳಬೇಕೇ?

ಇದನ್ನು ಹಾರಿಸಿದರೆ ಮುಂದಿನ ಪೀರಿಯಡ್‌ನಲ್ಲಿ ಒಂದು ಗುಂಪು ‘ಈ ಆಟ ಬೇಗ ಮುಗಿದುಹೋಗುತ್ತದೆ’ ಎಂದೂ ಇನ್ನೊಂದು ‘ಮುಗಿಯುವುದೇ ಇಲ್ಲ’ ಎಂದೂ ಬರೆಯುತ್ತವೆ. ಎರಡೂ ನಿಜವೇ, ಆಡಿದ ಆಟ ಮಾತ್ರ ಬೇರೆಬೇರೆ. ಯಾವ ನಿಯಮದಲ್ಲಿ ಆಡಿದೆವು ಎಂದು ಹೇಳದ ಆಟದ ವಿಮರ್ಶೆಯನ್ನು ಓದುಗ ನಂಬುವಂತಿಲ್ಲ. ಮಕ್ಕಳಿಗೆ ಇದು ಅವರವರ ಜಗಳದಿಂದಲೇ ಅರ್ಥವಾದರೆ ಇನ್ನೂ ಒಳ್ಳೆಯದು.

ಮೊದಲ ಪೀರಿಯಡ್‌ನಲ್ಲಿ 20 ನಿಮಿಷ ಸುಮ್ಮನೆ ಆಡಲಿ, ಪೆನ್ನು ಮುಟ್ಟುವುದು ಬೇಡ. ಆಮೇಲೆ ಟಿಪ್ಪಣಿ. ತನ್ನ ಎಸೆತವನ್ನು ತಾನೇ ಬರೆಯಹೋದರೆ ಆಟ ಎಳೆದಾಡುತ್ತದೆ, ಅದಕ್ಕೇ ಬಲಗಡೆ ಕೂತವರು ಬರೆಯಲಿ. ಹೇಗೂ ಅವರು ತಮ್ಮ ಸರದಿಗೆ ಕಾಯುತ್ತಿರುತ್ತಾರೆ. ಪ್ರತಿ ಎಸೆತಕ್ಕೆ ಮೂರೇ ವಿಷಯ: ಎಷ್ಟು ಬಿತ್ತು, ಯಾವ್ಯಾವ ಕಾಯಿ ನಡೆಸಬಹುದಿತ್ತು, ಯಾವುದನ್ನು ನಡೆಸಿದರು. ಒಬ್ಬೊಬ್ಬರದು ಹತ್ತು ಎಸೆತ ದಾಖಲಾದರೆ ಸಾಕು.

ಎರಡನೇ ಪೀರಿಯಡ್ ಮಾತಿಗೆ. ‘ಆಟ ಹೇಗಿತ್ತು?’ ಎಂದು ಕೇಳಬೇಡಿ, ‘ಚೆನ್ನಾಗಿತ್ತು ಸಾರ್’ ಎಂಬುದರಾಚೆ ಏನೂ ಬರದು. ‘ಗೆದ್ದವರು ಅದೃಷ್ಟದಿಂದ ಗೆದ್ದರೋ ಬುದ್ಧಿಯಿಂದಲೋ?’ ಎಂದು ಕೇಳಿ. ಗೆದ್ದವರು ಬುದ್ಧಿ ಅನ್ನುತ್ತಾರೆ, ಸೋತವರು ಅದೃಷ್ಟ ಅನ್ನುತ್ತಾರೆ. ಆಗ ಟಿಪ್ಪಣಿ ತೆಗೆಸಿ, ಹತ್ತು ಎಸೆತದಲ್ಲಿ ನಿಜವಾಗಿ ಆಯ್ಕೆ ಇದ್ದದ್ದು ಎಷ್ಟು ಸಲ ಎಂದು ಎಣಿಸಲಿ. ಒಂದು ಕಾಯಿ ಹಣ್ಣಾಗಿ ಇನ್ನೊಂದೇ ಉಳಿದವರಿಗೆ ಆಯ್ಕೆಯೇ ಇರಲಿಲ್ಲ ಎಂಬುದು ತಾನಾಗಿ ಹೊರಬರುತ್ತದೆ.

ಗಣಿತದ ಶಿಕ್ಷಕರು ಜೊತೆಗಿದ್ದರೆ ಇಲ್ಲೊಂದು ಹತ್ತು ನಿಮಿಷ ಅವರಿಗೆ ಕೊಡಬಹುದು. ಕವಡೆ ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತದೆ ಎಂದಿಟ್ಟುಕೊಂಡರೆ ನಾಲ್ಕು ಕವಡೆಗೆ 16 ಬಗೆ. ಅದರಲ್ಲಿ 2 ಬೀಳುವುದು 6 ಬಗೆಯಲ್ಲಿ, 1 ಮತ್ತು 3 ತಲಾ 4 ಬಗೆಯಲ್ಲಿ, 4 ಮತ್ತು 8 ತಲಾ ಒಂದೇ ಬಗೆಯಲ್ಲಿ. ಆದರೆ ಕವಡೆಯ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ, ಹಾಗಾಗಿ ಅದು ಸಮನಾಗಿ ಬೀಳಬೇಕೆಂದೇನೂ ಇಲ್ಲ. ಪ್ರತಿ ಗುಂಪು ತನ್ನ ಕವಡೆಯನ್ನು 50 ಸಲ ಎಸೆದು ಲೆಕ್ಕ ಇಡಲಿ. ‘ನಮ್ಮ ಕವಡೆಗೆ ಎಂಟು ಬೀಳುವುದು ಅಪರೂಪ’ ಎಂದು ಬರೆಯುವ ಮಗುವಿನ ಕೈಯಲ್ಲಿ ಈಗ ಅದನ್ನು ತೋರಿಸುವ ಲೆಕ್ಕವೂ ಇದೆ.

ಮೊದಲ ಬರಹ 60 ಪದ, ಅದಕ್ಕಿಂತ ಉದ್ದ ಬೇಡ. ಸಾಮಾನ್ಯವಾಗಿ ಬರುವುದು ಹೀಗೆ:

‘ಚೌಕಾಬಾರ ತುಂಬಾ ಮಜವಾದ ಆಟ. ಇದನ್ನು ಎಲ್ಲ ವಯಸ್ಸಿನವರೂ ಆಡಬಹುದು. ಇದು ನಮ್ಮ ಸಂಸ್ಕೃತಿಯ ಆಟ. ನನಗೆ ತುಂಬಾ ಇಷ್ಟವಾಯಿತು.’

ಟಿಪ್ಪಣಿ ಎದುರಿಗಿಟ್ಟುಕೊಂಡು ತಿದ್ದಿಸಿದರೆ ಹೀಗಾಗಬಹುದು:

‘ಇಬ್ಬರೇ ಆಡಿದರೆ ಚೌಕಾಬಾರದಲ್ಲಿ ಯೋಚಿಸುವ ಕೆಲಸವಿದೆ, ನಾಲ್ವರು ಆಡಿದರೆ ಕಾಯುವ ಕೆಲಸವೇ ಹೆಚ್ಚು. ನನ್ನ ಹತ್ತು ಎಸೆತದಲ್ಲಿ ಯಾವ ಕಾಯಿ ನಡೆಸಲಿ ಎಂದು ಯೋಚಿಸಿದ್ದು ಮೂರೇ ಸಲ. ಉಳಿದ ಏಳರಲ್ಲಿ ಕವಡೆ ಹೇಳಿದಂತೆ ಕೇಳಿದೆ. ಕಡಿಯದೆ ಒಳಗೆ ಹೋಗುವಂತಿಲ್ಲ ಎಂಬ ನಿಯಮವೇ ಈ ಆಟದ ಜೀವ. ಮುಂದೆ ಹೋದವರೂ ಸುತ್ತು ಹಾಕುತ್ತ ಹಿಂದಿನವರಿಗೆ ಹೆದರಬೇಕು. ಆ ನಿಯಮ ಬಿಟ್ಟು ಆಡಿದಾಗ ಮೊದಲು ಹೊರಟವನೇ ಗೆದ್ದ.’

ಇಬ್ಬರ ಆಟವನ್ನೂ ನಾಲ್ವರ ಆಟವನ್ನೂ, ನಿಯಮ ಇಟ್ಟೂ ಬಿಟ್ಟೂ ಆಡಿ ನೋಡಿದ್ದಕ್ಕೇ ಈ ಮಾತು ಬಂತು. ಮೂರನೇ ಪೀರಿಯಡ್ ಅದಕ್ಕೇ ಮೀಸಲು: ಒಂದು ನಿಯಮ ಬದಲಿಸಿ ಮತ್ತೆ ಆಡುವುದು, ಹಳೆಯ 60 ಪದವನ್ನು ತಿದ್ದಿ ಬರೆಯುವುದು. ಒಂದೇ ಸಲ ಆಡಿದ ಆಟದ ಬಗ್ಗೆ ಬರೆಯಲು ಬಿಡಬೇಡಿ, ಗೆದ್ದ ಖುಷಿಯೋ ಸೋತ ಸಿಟ್ಟೋ ಬರಹದಲ್ಲಿ ಬಂದುಬಿಡುತ್ತದೆ.

ಮೊಬೈಲ್ ಆಟಗಳ ಬಗ್ಗೆ ಬರೆಯುತ್ತೇವೆ ಎಂದು ಮಕ್ಕಳು ಹಟ ಮಾಡೇ ಮಾಡುತ್ತಾರೆ. ಬರೆಯಲಿ. ಆಗ ಸೇರಬೇಕಾದ ವಿವರ ಇಷ್ಟು: ಯಾವ ಫೋನ್‌ನಲ್ಲಿ ಆಡಿದ್ದು, ಒಟ್ಟು ಎಷ್ಟು ಹೊತ್ತು, ಎಷ್ಟನೇ ಹಂತದವರೆಗೆ, ನೆಟ್ ಇಲ್ಲದೆ ನಡೆಯುತ್ತದೆಯೇ, 10 ನಿಮಿಷದಲ್ಲಿ ಎಷ್ಟು ಜಾಹೀರಾತು ಬಂತು, ದುಡ್ಡು ಕೊಡದೆ ಮುಂದೆ ಹೋಗಲಾಗದ ಘಟ್ಟ ಎಲ್ಲಿ ಬಂತು. ಗೂಗಲ್ ಪ್ಲೇಯಲ್ಲಿ ಪ್ರತಿ ಆಟದ ಪುಟದಲ್ಲೂ 3+, 7+, 12+, 16+, 18+ ಎಂಬ ವಯಸ್ಸಿನ ಗುರುತು ಇರುತ್ತದೆ, ಅದನ್ನು ಬರೆದು ‘ಈ ಗುರುತು ಸರಿಯೇ?’ ಎಂದು ಒಂದು ವಾಕ್ಯ ಸೇರಿಸಲಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ, ಅವು ತರಗತಿಯ ಪಟ್ಟಿಗೆ ಬರುವುದು ಬೇಡ. ಫೋನ್ ಇಲ್ಲದ ಮನೆಯ ಮಕ್ಕಳು ಇದ್ದೇ ಇರುತ್ತಾರೆ, ಆದ್ದರಿಂದ ಮೊಬೈಲ್ ಆಟ ಇಷ್ಟವಿದ್ದವರಿಗೆ ಮಾತ್ರ, ಕಡ್ಡಾಯ ಬೇಡ.

ಪುಸ್ತಕ: ಐದು ಚೀಟಿ

ದಪ್ಪ ಕಾದಂಬರಿ ಕೊಟ್ಟರೆ ಅರ್ಧ ತರಗತಿ ಓದುವುದಿಲ್ಲ, ಬೆನ್ನುಡಿ ನೋಡಿ ಬರೆಯುತ್ತದೆ. 16ರಿಂದ 40 ಪುಟದ ಪುಸ್ತಕ ಹುಡುಕಿ. ಇದಕ್ಕೊಂದು ಒಳದಾರಿ ಇದೆ. ಎಂಟು-ಒಂಬತ್ತನೇ ತರಗತಿಯವರಿಗೆ ಚಿಕ್ಕ ಮಕ್ಕಳ ಚಿತ್ರಪುಸ್ತಕವನ್ನೇ ಕೊಟ್ಟು ‘ಮೂರನೇ ತರಗತಿಯ ಮಗುವಿಗೆ ಇದನ್ನು ಕೊಡಬಹುದೇ ಎಂದು ಅದರ ಅಪ್ಪ ಅಮ್ಮನಿಗೆ ತಿಳಿಸಿ’ ಎನ್ನಿ. ಓದಲು 15 ನಿಮಿಷ ಸಾಕು, ಉಳಿದ ಹೊತ್ತೆಲ್ಲ ಯೋಚನೆಗೆ ಸಿಗುತ್ತದೆ. ಯಾರಿಗಾಗಿ ಬರೆಯುತ್ತಿದ್ದೇನೆ ಎಂಬ ಗೊಂದಲವೂ ಇರುವುದಿಲ್ಲ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಹಂತವಾರು ವಿಂಗಡಿಸಿಯೂ ಇಟ್ಟಿದ್ದಾರೆ. ನ್ಯಾಷನಲ್ ಬುಕ್ ಟ್ರಸ್ಟ್‌ನ ತೆಳು ಪುಸ್ತಕಗಳು ಶಾಲೆಯ ಕಪಾಟಿನಲ್ಲಿದ್ದರೆ ಅವೂ ಆದೀತು.

ಓದುವ ಮುನ್ನ ಪ್ರತಿ ಮಗುವಿಗೆ ಐದು ಉದ್ದನೆಯ ಕಾಗದದ ಚೀಟಿ ಕೊಡಿ. ಹಳೆಯ ನೋಟ್‌ಬುಕ್ಕಿನ ಹಾಳೆ ಹರಿದು ಮಾಡಿದ್ದಾದರೂ ಸರಿ. ನಗು ಬಂದ ಕಡೆ ಒಂದು, ಬೇಜಾರಾದ ಕಡೆ ಒಂದು, ‘ಇದು ನಂಬುವ ಹಾಗಿಲ್ಲ’ ಅನ್ನಿಸಿದ ಕಡೆ ಒಂದು, ಅರ್ಥವಾಗದೆ ಎರಡನೇ ಸಲ ಓದಿದ ಕಡೆ ಒಂದು, ಚಿತ್ರವನ್ನೋ ಸಾಲನ್ನೋ ನೋಡುತ್ತ ನಿಂತುಬಿಟ್ಟ ಕಡೆ ಒಂದು. ಪುಟಸಂಖ್ಯೆಯನ್ನು ಚೀಟಿಯ ಮೇಲೆ ಆಗಲೇ ಬರೆದಿಟ್ಟುಕೊಳ್ಳಬೇಕು, ಚೀಟಿ ಉದುರಿದರೆ ನೆನಪೂ ಉದುರಿತು. ಐದೂ ಬಳಕೆಯಾಗಲೇಬೇಕೆಂದಿಲ್ಲ, ಆದರೆ ಬೇಜಾರಿನ ಚೀಟಿ ಕೈಯಲ್ಲೇ ಉಳಿದವರನ್ನು ಒಮ್ಮೆ ವಿಚಾರಿಸಿ. ಪುಸ್ತಕದ ಬಗ್ಗೆ ಕೆಟ್ಟ ಮಾತಾಡಬಾರದು ಎಂದು ಯಾರೋ ಹೇಳಿಕೊಟ್ಟಿರುತ್ತಾರೆ.

ಐದರಲ್ಲಿ ಎರಡು ಚೀಟಿಯನ್ನು ಮಾತ್ರ ಆರಿಸಲಿ, ಬರಹ ಆ ಎರಡರ ಮೇಲೇ ನಿಲ್ಲಲಿ. ‘12ನೇ ಪುಟದಲ್ಲಿ ಬೇಜಾರಾಯಿತು’ ಎಂದವರಿಗೆ ಕೇಳಿ: ಆ ಪುಟದಲ್ಲಿ ಏನಿದೆ? ‘ಅಜ್ಜಿ ಮಾತಾಡ್ತಾಳೆ.’ ಎಷ್ಟು ಸಾಲು? ‘ಪುಟ ಪೂರ್ತಿ.’ ಏನು ಹೇಳುತ್ತಾಳೆ? ‘ನೀರು ಉಳಿಸಬೇಕು ಅಂತ.’ ಅದು ಕತೆಯಿಂದ ಮೊದಲೇ ಗೊತ್ತಾಗಿತ್ತೇ? ‘ಹೌದು, ಬಾವಿ ಬತ್ತಿದಾಗಲೇ.’ ಇಲ್ಲಿಗೆ ವಿಮರ್ಶೆಯ ವಾಕ್ಯ ಸಿದ್ಧವಾಯಿತು: ‘ಬಾವಿ ಬತ್ತಿದ ಚಿತ್ರವೇ ಹೇಳಿದ ಮಾತನ್ನು 12ನೇ ಪುಟದಲ್ಲಿ ಅಜ್ಜಿ ಮತ್ತೆ ಪುಟ ಪೂರ್ತಿ ಹೇಳುತ್ತಾಳೆ, ಕತೆ ಅಲ್ಲಿ ಪಾಠವಾಗಿಬಿಡುತ್ತದೆ.’ ಶಿಕ್ಷಕರು ಮಾಡಬೇಕಾದ್ದು ಇಷ್ಟೇ, ಏನಿದೆ, ಎಷ್ಟಿದೆ, ಎಲ್ಲಿದೆ ಎಂದು ಕೇಳುತ್ತ ಹೋಗುವುದು. ವಾಕ್ಯ ಮಗುವೇ ಕಟ್ಟುತ್ತದೆ.

ಪಾತ್ರ, ಕಥಾವಸ್ತು, ಭಾಷೆ, ಸಂದೇಶ, ಮುಖಪುಟ ಎಂದು ಹತ್ತು ಪ್ರಶ್ನೆಗಳ ಪಟ್ಟಿಯನ್ನು ಮುಂಚೆಯೇ ಹಂಚುವ ಅಭ್ಯಾಸ ಹಲವರಿಗಿದೆ. ಅದನ್ನು ಬಿಡುವುದು ಮೇಲು. ಹತ್ತಕ್ಕೂ ಒಂದೊಂದು ಸಾಲಿನ ಉತ್ತರ ಬರೆದು ಕೆಳಗೆ ಹೆಸರು ಹಾಕಿದರೆ ಅದು ಭರ್ತಿ ಮಾಡಿದ ಅರ್ಜಿ. ಮಗು ಮೊದಲು ತನಗನ್ನಿಸಿದ್ದನ್ನು ಹಿಡಿಯಲಿ, ‘ನೀನು ಹೇಳುತ್ತಿರುವುದು ಭಾಷೆಯ ಬಗ್ಗೆ’ ಎಂದು ಹೆಸರು ಕೊಡುವ ಕೆಲಸ ಆಮೇಲಿನದು.

ಮಕ್ಕಳ ಕಣ್ಣು ಹೋಗದ ಒಂದು ಪುಟವಿದೆ, ಶೀರ್ಷಿಕೆಯ ಹಿಂದಿನದು. ಪ್ರಕಾಶಕರು, ಮೊದಲ ಮುದ್ರಣದ ವರ್ಷ, ಬೆಲೆ, ಐಎಸ್‌ಬಿಎನ್ ಸಂಖ್ಯೆ ಎಲ್ಲ ಸಾಮಾನ್ಯವಾಗಿ ಅಲ್ಲೇ. ಚಿತ್ರ ಬರೆದವರ ಹೆಸರು, ಅನುವಾದವಾಗಿದ್ದರೆ ಅನುವಾದಕರ ಹೆಸರು ಕೂಡ ಹೆಚ್ಚಾಗಿ ಅಲ್ಲಿ ಸಿಗುತ್ತವೆ. ಚಿತ್ರಪುಸ್ತಕದ ವಿಮರ್ಶೆಯಲ್ಲಿ ಚಿತ್ರಕಾರರ ಹೆಸರಿಲ್ಲ ಎಂದರೆ ಅರ್ಧ ಪುಸ್ತಕವನ್ನು ಬಿಟ್ಟಂತೆ. ಅನುವಾದವಾದರೆ ಒಂದು ಸಂಭಾಷಣೆಯನ್ನು ಇಬ್ಬರು ಮಕ್ಕಳಿಂದ ಗಟ್ಟಿಯಾಗಿ ಓದಿಸಿ. ಬಾಯಿಗೆ ತೊಡರಿದ ಕಡೆ ಗುರುತು ಹಾಕಿಕೊಳ್ಳಲಿ. ‘ನಮ್ಮೂರಲ್ಲಿ ಹೀಗೆ ಯಾರೂ ಮಾತಾಡಲ್ಲ’ ಎಂಬುದು ಒಳ್ಳೆಯ ವಿಮರ್ಶೆಯ ಬೀಜ, ಯಾವ ಸಾಲು ಎಂದು ತೋರಿಸಿದರೆ.

ಈ ಬರಹ 150 ಪದ. ಕತೆ ಹೇಳಲು ಅದರಲ್ಲಿ 50 ಪದಕ್ಕಿಂತ ಹೆಚ್ಚು ಇಲ್ಲ, ಪುಸ್ತಕದ ಮೊದಲ ಕಾಲುಭಾಗ ದಾಟಿದ ಸಂಗತಿ ಯಾವುದೂ ಇಲ್ಲ. 32 ಪುಟದ ಪುಸ್ತಕವಾದರೆ 8ನೇ ಪುಟಕ್ಕೆ ಬಾಯಿ ಕಟ್ಟಬೇಕು. ‘ಅಜ್ಜಿಯ ಪುಟದ ಬಗ್ಗೆ ಹೇಳಬೇಕಲ್ಲ, ಅದು 12ರಲ್ಲಿದೆ’ ಎಂದು ಮಗು ಕೇಳಿದರೆ, ಏನಾಯಿತು ಎಂದು ಬಿಟ್ಟುಕೊಡದೆ ಹೇಗಿದೆ ಎಂದು ಹೇಳಬಹುದು ಎಂದು ತಿಳಿಸಿ. ಪುಸ್ತಕದ ಸಾಲು ಎತ್ತಿ ಬರೆದರೆ ಉದ್ಧರಣ ಚಿಹ್ನೆ, ಪುಟಸಂಖ್ಯೆ ಎರಡೂ ಇರಬೇಕು. ವಿಮರ್ಶೆಗಾಗಿ ಹಾಗೆ ನ್ಯಾಯಯುತವಾಗಿ ಬಳಸುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಅವಕಾಶ ಕೊಟ್ಟಿದೆ. ಬೆನ್ನುಡಿಯನ್ನು ಚಿಹ್ನೆಯಿಲ್ಲದೆ ಇಳಿಸಿಕೊಂಡರೆ ಅದು ಬರೀ ನಕಲು.

ಮೂರು ಬಣ್ಣದ ಪೆನ್ಸಿಲ್

ಕರಡು ಮುಗಿದ ಮೇಲೆ ಮಕ್ಕಳು ನೋಟ್‌ಬುಕ್ ಅದಲುಬದಲು ಮಾಡಿಕೊಂಡು ಗೆರೆ ಎಳೆಯಲಿ: ಕತೆಗೆ ನೀಲಿ, ಅಭಿಪ್ರಾಯಕ್ಕೆ ಕೆಂಪು, ಸಾಕ್ಷಿಗೆ ಹಸಿರು. ಸಾಕ್ಷಿ ಎಂದರೆ ಬೇರೊಬ್ಬರು ಪುಸ್ತಕ ತೆರೆದು ನೋಡಿ ‘ಹೌದು, ಇದೆ’ ಅನ್ನಬಹುದಾದದ್ದು. ಪುಟ ನೀಲಿಮಯವಾದರೆ ಸಾರಾಂಶ. ಕೆಂಪಿನ ಪಕ್ಕ, ಹಿಂದೆ ಮುಂದೆ ಎರಡು ವಾಕ್ಯದೊಳಗೆ, ಹಸಿರು ಕಾಣದಿದ್ದರೆ ಆ ಅಭಿಪ್ರಾಯಕ್ಕೆ ಆಧಾರವಿಲ್ಲ, ಹುಡುಕಿ ತರಬೇಕು ಅಥವಾ ಹೊಡೆದುಹಾಕಬೇಕು. ಬರೀ ಹಸಿರಿದ್ದರೆ ಅದೂ ತಪ್ಪೇ: ಇಷ್ಟೆಲ್ಲ ತೋರಿಸಿ ಕೊನೆಗೆ ಏನು ಹೇಳಿದೆ ಎಂದು ಓದುಗ ಕೇಳುತ್ತಾನೆ. ಈ ಕೆಲಸಕ್ಕೆ 15 ನಿಮಿಷ ಸಾಕು, ಶಿಕ್ಷಕರ ಕೆಂಪು ಶಾಯಿಗಿಂತ ಹೆಚ್ಚು ಕಲಿಸುತ್ತದೆ.

ಜೊತೆಗೊಂದು ನಿಷೇಧಪಟ್ಟಿ ಗೋಡೆಗೆ ಅಂಟಿಸಿ. ‘ಓದಿಸಿಕೊಂಡು ಹೋಗುತ್ತದೆ’, ‘ಸಂಗ್ರಹಯೋಗ್ಯ ಕೃತಿ’, ‘ಕಣ್ಣಿಗೆ ಹಬ್ಬ’, ‘ಪಾತ್ರಕ್ಕೆ ಜೀವ ತುಂಬಿದ್ದಾರೆ’, ‘ಪಾತ್ರಕ್ಕೆ ನ್ಯಾಯ ಒದಗಿಸಿದ್ದಾರೆ’, ‘ಒಮ್ಮೆ ನೋಡಲಡ್ಡಿಯಿಲ್ಲ’, ‘ಮನೆಮಂದಿಯೆಲ್ಲ ಕೂತು ನೋಡಬಹುದಾದ’, ‘ಪೈಸಾ ವಸೂಲ್’. ಇವು ಮಕ್ಕಳು ಹುಟ್ಟಿಸಿದ ಮಾತಲ್ಲ, ದೊಡ್ಡವರ ಪತ್ರಿಕೆಗಳಲ್ಲಿ ವಾರವಾರವೂ ಓಡಾಡುವವು. ಯಾವ ಪುಸ್ತಕಕ್ಕೆ, ಯಾವ ಸಿನಿಮಾಗೆ ಅಂಟಿಸಿದರೂ ಅಂಟುತ್ತವೆ, ಅದೇ ಅವುಗಳ ದೋಷ. ಮಕ್ಕಳೇ ಭಾನುವಾರದ ಪುರವಣಿ ತಂದು ಪಟ್ಟಿ ಬೆಳೆಸಲಿ, ಅದೊಂದು ಮೋಜಿನ ಬೇಟೆ.

ಬರೆಯಲು ಕೂತ ಕೂಡಲೇ ಭಾಷೆ ಬಿಗಿಯುವ ಮಕ್ಕಳಿರುತ್ತಾರೆ. ಬಾಯಲ್ಲಿ ‘ಆ ಹುಡ್ಗ ಸುಮ್‌ಸುಮ್ನೆ ಅಳ್ತಾನೆ’ ಎಂದವರು ಕಾಗದದ ಮೇಲೆ ‘ಬಾಲಕನ ರೋದನವು ಅಕಾರಣವಾಗಿದೆ’ ಎಂದು ಬರೆಯುತ್ತಾರೆ. ಇಬ್ಬಿಬ್ಬರನ್ನು ಕೂರಿಸಿ. ಒಬ್ಬರು ಒಂದು ನಿಮಿಷ ಮಾತಾಡಲಿ, ಇನ್ನೊಬ್ಬರು ಕೇಳಿದ್ದನ್ನು ಹಾಗೇ ಬರೆದುಕೊಳ್ಳಲಿ. ಕರಡು ಅಲ್ಲಿಂದ ಹುಟ್ಟಲಿ. ಧಾರವಾಡದ ಮಗು ಧಾರವಾಡದ ಮಾತಲ್ಲಿ, ಕುಂದಾಪುರದ ಮಗು ಕುಂದಾಪುರದ ಮಾತಲ್ಲಿ ಒಂದೆರಡು ಸಾಲು ಉಳಿಸಿಕೊಂಡರೆ ತಿದ್ದಲು ಹೋಗಬೇಡಿ.

ಸಿನಿಮಾ: ಎರಡು ಸಲ ನೋಡುವಷ್ಟು ಚಿಕ್ಕದು

ಪೂರ್ತಿ ಸಿನಿಮಾ ಪೀರಿಯಡ್‌ನಲ್ಲಿ ಹಿಡಿಯುವುದಿಲ್ಲ, ಕಂತುಗಳಲ್ಲಿ ತೋರಿಸಿದರೆ ಲಯವೇ ತಿಳಿಯದು. 12ರಿಂದ 15 ನಿಮಿಷದ ಕಿರುಚಿತ್ರ ಆರಿಸಿ, ಒಂದೇ ಪೀರಿಯಡ್‌ನಲ್ಲಿ ಎರಡು ಸಲ ತೋರಿಸಲಾಗುತ್ತದೆ. ಸೆನ್ಸಾರ್ ಆದ ಚಿತ್ರವಾದರೆ ಪ್ರಮಾಣಪತ್ರ ನೋಡಿ. 2024ರ ನಿಯಮಗಳಿಂದ ಯುಎ ವರ್ಗ 7+, 13+, 16+ ಎಂದು ಮೂರಾಗಿದೆ, ಎಂಟನೇ ತರಗತಿಗೆ ಯು ಅಥವಾ ಯುಎ 7+ ಸಾಕು. ಅಂತರ್ಜಾಲದಲ್ಲಿ ಮಾತ್ರ ಬಂದ ಕಿರುಚಿತ್ರಗಳಿಗೆ ಈ ಪ್ರಮಾಣಪತ್ರ ಇರದಿರಬಹುದು, ನೀವೇ ಕೊನೆಯವರೆಗೆ ನೋಡಿ ತೀರ್ಮಾನಿಸಬೇಕು. ಶಾಲೆಯ ಚಟುವಟಿಕೆಯಾಗಿ ಮಕ್ಕಳು, ಶಿಕ್ಷಕರು, ಪೋಷಕರಿಗಷ್ಟೇ ತೋರಿಸುವುದಕ್ಕೆ ಕೃತಿಸ್ವಾಮ್ಯ ಕಾಯ್ದೆಯ ಅದೇ 52ನೇ ಕಲಂನಲ್ಲಿ ವಿನಾಯಿತಿ ಇದೆ. ಊರವರನ್ನೆಲ್ಲ ಕರೆದರೆ ಅದು ಅನ್ವಯಿಸುವುದಿಲ್ಲ.

ಮೊದಲ ಸಲ ನೋಡುವಾಗ ಪೆನ್ನು ಕೆಳಗೆ. ಎರಡನೇ ಸಲ ನಾಲ್ವರ ಗುಂಪಿನಲ್ಲಿ ಕೆಲಸ ಹಂಚಿ: ಒಬ್ಬರು ಶಬ್ದ ಮತ್ತು ಸಂಗೀತ ಮಾತ್ರ ಗಮನಿಸಲಿ, ಒಬ್ಬರು ಕ್ಯಾಮೆರಾ ಎಲ್ಲಿದೆ ಎಂದು ನೋಡಲಿ, ಒಬ್ಬರು ನಟರ ಮುಖ ಮತ್ತು ಕೈ, ಒಬ್ಬರು ಗಡಿಯಾರ. ಗಡಿಯಾರದವರು ಪ್ರತಿ ದೃಶ್ಯ ಎಷ್ಟು ಹೊತ್ತು ನಡೆಯಿತು ಎಂದು ಬರೆಯುತ್ತಾರೆ. ‘ಎಳೆದಿದ್ದಾರೆ’ ಎಂಬ ಮಾತು ಆಮೇಲೆ ಬಂದಾಗ ಅದನ್ನು ಸಾಬೀತು ಮಾಡುವುದು ಇವರ ಕಾಗದವೇ. ಕತ್ತಲಲ್ಲಿ ಬರೆಯುವಾಗ ಸಾಲಿಗೆ ಎರಡೇ ಪದ, ಅಕ್ಷರ ದೊಡ್ಡದು, ಪಕ್ಕದಲ್ಲಿ ನಿಮಿಷ. ಪೂರ್ತಿ ವಾಕ್ಯ ಬರೆಯಲು ತಲೆ ತಗ್ಗಿಸಿದರೆ ಒಂದು ಶಾಟ್ ತಪ್ಪಿತು.

ಎರಡನೇ ಪೀರಿಯಡ್‌ನಲ್ಲಿ ಮಾಡಬೇಕಾದ ಒಂದು ಪ್ರಯೋಗ ಇದೆ, ಬಿಡಬೇಡಿ. ಭಾವ ತೀವ್ರವಾಗಿರುವ ಎರಡು ನಿಮಿಷದ ತುಣುಕು ಆರಿಸಿ. ಅರ್ಧ ತರಗತಿ ಗೋಡೆಗೆ ಮುಖ ಮಾಡಿ ಬರೀ ಕೇಳಲಿ. ಇನ್ನರ್ಧ ಹೊರಗೆ ಹೋಗಿರಲಿ, ಆಮೇಲೆ ಒಳಗೆ ಬಂದು ಶಬ್ದ ತೆಗೆದುಹಾಕಿದ ಅದೇ ತುಣುಕನ್ನು ನೋಡಲಿ. ಏನನ್ನಿಸಿತು ಎಂದು ಎರಡೂ ಕಡೆಯವರು ಒಂದೊಂದು ಸಾಲು ಬರೆಯಲಿ. ಅಳು ತರಿಸಿದ್ದು ನಟನೆಯೋ ಪಿಟೀಲೋ ಎಂಬುದು ಅಲ್ಲೇ ಇತ್ಯರ್ಥವಾಗುತ್ತದೆ. ಹಿನ್ನೆಲೆ ಸಂಗೀತ, ಸಂಕಲನ, ಛಾಯಾಗ್ರಹಣ, ಕ್ಲೋಸ್‌ಅಪ್ ಎಂಬ ಮಾತುಗಳನ್ನು ಇದಾದ ಮೇಲೆ ಹೇಳಿಕೊಡಿ. ಹತ್ತು ಪದ ಸಾಕು. ಗೊತ್ತಿಲ್ಲದ ಪದ ಬಳಸಿ ತಜ್ಞರಂತೆ ಕಾಣಿಸಿಕೊಳ್ಳುವ ಚಟ ಮಕ್ಕಳಿಗೂ ಬೇಗ ಅಂಟುತ್ತದೆ.

ಥಿಯೇಟರಿನಲ್ಲಿ ನೋಡಿದ ದೊಡ್ಡ ಸಿನಿಮಾ ಬಗ್ಗೆ ಬರೆಯುವವರಿಗೆ ಇಂಟರ್ವಲ್ ನಂತರದ ಕತೆ ಹೇಳಬಾರದು ಎಂಬ ಒಂದೇ ನಿಯಮ ಸಾಕು. ನಿಜವಾದ ತೊಡಕು ಅಭಿಮಾನ. ತರಗತಿಯಲ್ಲಿ ಎರಡು ಹೀರೊಗಳ ಎರಡು ಬಣ ಇದ್ದರೆ ವಿಮರ್ಶೆ ಕಾಳಗವಾಗುತ್ತದೆ. ಅದಕ್ಕೆ ಮದ್ದು: ನಟರ ಹೆಸರು ಮಾಹಿತಿ ಪೆಟ್ಟಿಗೆಯಲ್ಲಿ ಒಂದೇ ಸಲ ಬರಲಿ, ಉಳಿದೆಡೆ ಪಾತ್ರದ ಹೆಸರೇ. ‘ಬಾಸ್’ ಇಲ್ಲ, ಬಿರುದು ಇಲ್ಲ, ಕಲೆಕ್ಷನ್ ಲೆಕ್ಕ ಇಲ್ಲ. ನಟಿಯ ಬಣ್ಣ, ತೂಕ, ಬಟ್ಟೆಯ ಬಗ್ಗೆ ಚುಚ್ಚುವ ಸಾಲು ಬಂದರೆ ಹೊಡೆಯಿರಿ. ಆದರೆ ಸಿನಿಮಾವೇ ಉಗ್ಗುವವರನ್ನೋ ಕಪ್ಪಗಿರುವವರನ್ನೋ ನಗೆಗೀಡು ಮಾಡಿದ್ದರೆ, ಯಾವ ದೃಶ್ಯದಲ್ಲಿ, ಯಾರು ನಕ್ಕರು ಎಂದು ಬರೆಯಲು ಹುರಿದುಂಬಿಸಿ.

ಕೊನೆಯ ಬರಹ 250ರಿಂದ 300 ಪದ. ಮೇಲೆ ಪೆಟ್ಟಿಗೆಯಲ್ಲಿ ನಿರ್ದೇಶಕರು, ಅವಧಿ, ಭಾಷೆ, ಪ್ರಮಾಣಪತ್ರ. ಆಟಕ್ಕಾದರೆ ಎಷ್ಟು ಜನ, ಎಷ್ಟು ಹೊತ್ತು, ಏನು ಬೇಕು, ಯಾವ ನಿಯಮ. ಪುಸ್ತಕಕ್ಕೆ ಲೇಖಕರು, ಚಿತ್ರಕಾರರು, ಪ್ರಕಾಶಕರು, ವರ್ಷ, ಪುಟ, ಬೆಲೆ. ಈ ವಿವರಗಳು ಪೆಟ್ಟಿಗೆಗೆ ಹೋದರೆ ‘ಈ ಚಿತ್ರವನ್ನು ನಿರ್ದೇಶಿಸಿದವರು...’ ಎಂದು ಶುರುಮಾಡುವ ಕಾರಣವೇ ತಪ್ಪುತ್ತದೆ, ಮೊದಲ ಸಾಲು ತೀರ್ಪಿಗೋ ಒಂದು ದೃಶ್ಯಕ್ಕೋ ಖಾಲಿ ಉಳಿಯುತ್ತದೆ. ಒಂದಾದರೂ ಮಿತಿ, ಯಾರಿಗೆ ಹಿಡಿಸಬಹುದು, ಯಾರಿಗೆ ಹಿಡಿಸದು ಎಂಬುದು ಇರಲಿ. ಐದಕ್ಕೆ ಇಷ್ಟು ನಕ್ಷತ್ರ ಎಂದು ಕೊಡುವುದನ್ನು ಕೊನೆಯ ಕರಡಿನವರೆಗೆ ತಡೆಯಿರಿ. ಮೊದಲೇ ಮೂರೂವರೆ ಎಂದು ಬರೆದ ಮಗು ಆ ಮೂರೂವರೆಯನ್ನು ಸಮರ್ಥಿಸುವುದರಲ್ಲೇ ಮುಗಿಯುತ್ತದೆ.

ತಿದ್ದುವುದು, ಅಂಕ, ಗೋಡೆ ಪತ್ರಿಕೆ

40 ನೋಟ್‌ಬುಕ್ಕಿಗೆ ತಲಾ 3 ನಿಮಿಷ ಎಂದರೂ 2 ಗಂಟೆ. ಹಾಗಾಗಿ ಕರಡಿನ ಮೇಲೆ ಎರಡೇ ಟಿಪ್ಪಣಿ ಬರೆಯಿರಿ: ಯಾವ ಸಾಲು ನಿಮ್ಮನ್ನು ನಂಬಿಸಿತು, ಯಾವ ಸಾಲಿಗೆ ಸಾಕ್ಷಿ ಬೇಕು. ಒತ್ತಕ್ಷರ, ದೀರ್ಘ, ಅಲ್ಪಪ್ರಾಣ ಮಹಾಪ್ರಾಣ ತಿದ್ದುವುದು ಕೊನೆಯ ಪ್ರತಿಯಲ್ಲಿ ಮಾತ್ರ. ಕರಡಿನಲ್ಲೇ ತಿದ್ದಿದರೆ ಮಗು ಕಾಗುಣಿತ ಸರಿಮಾಡಿ, ವಿಚಾರವನ್ನು ಇದ್ದ ಹಾಗೇ ಬಿಟ್ಟು, ತಿರುಗಿಸಿ ಕೊಡುತ್ತದೆ.

20 ಅಂಕವಾದರೆ ಸಾಕ್ಷಿಗೆ 8, ಸ್ಪಷ್ಟ ತೀರ್ಪಿಗೆ 4, ಕತೆ ಮಿತಿಯಲ್ಲಿರುವುದಕ್ಕೆ 3, ಯಾರಿಗೆ ಎಂದು ಹೇಳಿದ್ದಕ್ಕೆ 2, ಭಾಷೆಗೆ 3. ತೀರ್ಪು ನಿಮ್ಮದಕ್ಕಿಂತ ಬೇರೆ ಎಂದು ಒಂದು ಅಂಕವನ್ನೂ ಕಳೆಯಬೇಡಿ. ನಿಮಗೆ ಪ್ರಿಯವಾದ ಪುಸ್ತಕವನ್ನು ಒಬ್ಬ ಹುಡುಗಿ ಮೂರು ಪುಟಸಂಖ್ಯೆ ಕೊಟ್ಟು ಸಪ್ಪೆ ಎಂದರೆ ಅವಳಿಗೆ ಎಂಟಕ್ಕೆ ಎಂಟು.

ಫೋನಿನಲ್ಲಿ ಹುಡುಕಿಯೋ, ಎಐಗೆ ಹೇಳಿ ಬರೆಸಿಯೋ ತರುವವರನ್ನು ಹಿಡಿಯಲು ಪತ್ತೇದಾರಿ ಬೇಡ. ಟಿಪ್ಪಣಿ ಹಾಳೆ, ಐದು ಚೀಟಿ, ಮೊದಲ ಕರಡು ಇವೆಲ್ಲ ತರಗತಿಯಲ್ಲೇ ಆಗಿರಲಿ, ಕೊನೆಯ ಪ್ರತಿಯ ಜೊತೆ ಪಿನ್ ಮಾಡಿ ಕೊಡಲಿ. ಟಿಪ್ಪಣಿಯಲ್ಲಿಲ್ಲದ ಸಾಕ್ಷಿ ಕೊನೆಯ ಪ್ರತಿಯಲ್ಲಿ ಬಂದಿದ್ದರೆ ಎಲ್ಲಿಂದ ಬಂತು ಎಂದು ಕೇಳಿದರಾಯಿತು.

ಇದೇ ಹೊತ್ತಿಗೆ ದುಡ್ಡು ಕೊಟ್ಟು ಬರೆಸುವ ವಿಮರ್ಶೆಗಳ ಬಗ್ಗೆ ಒಂದು ಹತ್ತು ನಿಮಿಷ ಮಾತಾಡಬಹುದು. ಆನ್‌ಲೈನ್ ಗ್ರಾಹಕ ವಿಮರ್ಶೆಗಳನ್ನು ಹೇಗೆ ಸಂಗ್ರಹಿಸಿ ಪ್ರಕಟಿಸಬೇಕು ಎಂಬುದಕ್ಕೆ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000 ಎಂಬ ಮಾನದಂಡವನ್ನೇ ತಂದಿದೆ. ಯಾವುದಾದರೂ ಮಾರಾಟ ತಾಣದಿಂದ ಹತ್ತು ವಿಮರ್ಶೆ ಬೋರ್ಡಿನ ಮೇಲೆ ಬರೆದು ಹಸಿರು ಪೆನ್ಸಿಲ್ ಕೊಡಿ. ಎಷ್ಟರಲ್ಲಿ ವಸ್ತುವನ್ನು ನಿಜವಾಗಿ ಬಳಸಿದ ಗುರುತು ಸಿಗುತ್ತದೆ ಎಂದು ಅವರೇ ಹುಡುಕಲಿ.

ಮುಗಿದ ಬರಹ ಶಿಕ್ಷಕರ ಕಪಾಟಿನಲ್ಲಿ ಉಳಿಯಬಾರದು. ಸಿನಿಮಾ ಮತ್ತು ಆಟದ ವಿಮರ್ಶೆ ಗೋಡೆ ಪತ್ರಿಕೆಗೆ. ಪುಸ್ತಕದ್ದನ್ನು ಅಂಚೆಕಾರ್ಡಿನ ಅಳತೆಯ ರಟ್ಟಿನ ಮೇಲೆ ಬರೆಸಿ, ಅದೇ ಪುಸ್ತಕದ ಹಿಂದಿನ ರಕ್ಷಾಪುಟದ ಒಳಗೆ ಒಂದು ಕಾಗದದ ಜೇಬು ಅಂಟಿಸಿ, ಅದರಲ್ಲಿಡಿ. ಮುಂಭಾಗದಲ್ಲಿ ಇಟ್ಟರೆ ಓದುವ ಮುಂಚೆಯೇ ತೀರ್ಪು ಕಣ್ಣಿಗೆ ಬೀಳುತ್ತದೆ. ರಟ್ಟಿನ ಕೆಳಗಿನ ಮೂರನೇ ಒಂದು ಭಾಗ ಖಾಲಿ ಬಿಟ್ಟಿರಿ: ಮುಂದೆ ಆ ಪುಸ್ತಕ ಓದಿದವರು ಒಪ್ಪುತ್ತೇನೆ ಅಥವಾ ಒಪ್ಪುವುದಿಲ್ಲ ಎಂದು ಪುಟಸಂಖ್ಯೆ ಸಮೇತ ಬರೆಯಲು. ಅಂಟಿಗೆ ಮೈದಾ ಗೋಂದು ಬೇಡ, ಜಿರಲೆ ತಿನ್ನುತ್ತದೆ. ಶಾಲೆಯ ಬ್ಲಾಗಿಗೋ ವಾಟ್ಸ್ಆ್ಯಪ್ ಗುಂಪಿಗೋ ಹಾಕುವುದಾದರೆ ಮಗುವಿನ ಪೂರ್ತಿ ಹೆಸರು, ಫೋಟೊ ಬೇಡ, ತರಗತಿ ಮತ್ತು ಹೆಸರಿನ ಮೊದಲ ಅಕ್ಷರ ಸಾಕು. ಪೋಷಕರ ಒಪ್ಪಿಗೆಯನ್ನು ಜೂನ್‌ನಲ್ಲೇ ಬರಹದಲ್ಲಿ ತೆಗೆದುಕೊಂಡಿರಿ.